ಹೆಚ್ಚು ಉಂಡವರು ಯಾರು

ನಮ್ಮವರು ಬೆಂಕಿಪೆಟ್ಟಿಗೆಯನ್ನು ಒಯ್ದು ಬಿಸಿಲಿಗೆ ಇಟ್ಟು ಬಂದರು. ಕಡ್ಡಿ ತಂಪು ಹಿಡಿದಿರಬೇಕು ಎಂದರು. ಕಡ್ಡಿ ನನ್ನ ಕೈಯಲ್ಲಿ ಚೆನ್ನಾಗಿಯೇ ಉರಿಯುತ್ತಿತ್ತು. ಒಲೆಯ ಹತ್ತಿರ ಒಯ್ದ ಕೂಡಲೇ ಆರಿಹೋಗುತ್ತಿತ್ತು. ಆಮೇಲೆ ಅವರು ಸಿಲಿಂಡರ್ ಅಲುಗಾಡಿಸಿದರು, ರೆಗ್ಯುಲೇಟರ್ ತಿರುವಿದರು, ಪೈಪಿಗೆ ಮೂಗು ಹಚ್ಚಿ ಮೂಸಿದರು. ಊರಿಗೆಲ್ಲ ನಲ್ಲಿ ನೀರು ಬಿಡುವ ವಾಲ್ವ್‌ಮ್ಯಾನ್ ಅವರು. ತಿರುವುವಂಥದ್ದು ಏನು ಕಂಡರೂ ಅದರ ಮರ್ಮ ತನಗೊಬ್ಬನಿಗೇ ಗೊತ್ತು ಎಂಬ ಧಿಮಾಕು ಮೊದಲಿನಿಂದಲೂ ಇದೆ. ನಾನು ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ನೋಡುತ್ತ ನಿಂತಿದ್ದೆ. ಏನಾಗಿದೆ ಎಂದು ನನಗೆ ಗೊತ್ತಿತ್ತು. ಹೊರಸಿನ ಮೇಲೆ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದ ನಮ್ಮ ಅತ್ತೆ ನೀಲವ್ವನಿಗೂ ಗೊತ್ತಿತ್ತು.

"ಗುರುಬಸ್ಯಾ, ಆ ಪೈಪ್ ಬಿಡು," ಎಂದರು ಅತ್ತೆ. "ನಿನ್ನ ಹೆಂಡ್ತಿ ಒಲಿ ಹೋತು."

ನಮ್ಮೂರಲ್ಲಿ ಇದು ಹೊಸದೇನಲ್ಲ. ಹೆಂಗಸಿನ ಮುಟ್ಟು ನಿಂತು ವರ್ಷ ತುಂಬಿದ ಮೇಲೆ ಒಂದು ಬೆಳಗ್ಗೆ ಅವಳ ಕೈಗೆ ಒಲೆ ಹತ್ತುವುದಿಲ್ಲ. ದೇವರ ಮುಂದಿನ ದೀಪ ಹತ್ತುತ್ತದೆ, ಊದಿನಕಡ್ಡಿ ಹತ್ತುತ್ತದೆ. ಒಲೆ ಮಾತ್ರ ಇಲ್ಲ. ಕಟ್ಟಿಗೆಯದಾಗಲಿ, ಗ್ಯಾಸಿನದಾಗಲಿ, ಕರೆಂಟಿನದಾಗಲಿ. ಆ ಹೊತ್ತಿನಿಂದ ಮನೆಯ ಉಳಿದವರ ಕೈಗೂ ಹತ್ತುವುದಿಲ್ಲ. ಅವಳು ಒಲೆಯ ಇಕ್ಕಳವನ್ನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಇನ್ನೊಬ್ಬರ ಕೈಗೆ ಕೊಡಬೇಕು. ಯಾರಿಗೆ ಬೇಕಾದರೂ ಕೊಡುವಂತಿಲ್ಲ. ಅವಳ ಕೈಯ ಅಡುಗೆಯನ್ನು ಯಾರು ಎಲ್ಲರಿಗಿಂತ ಹೆಚ್ಚು ಉಂಡಿದ್ದಾರೋ ಅವರಿಗೇ ಕೊಡಬೇಕು. ತೆಗೆದುಕೊಳ್ಳುವವರು ಬಾಯಿ ಬಿಟ್ಟು, "ನಿನ್ನ ಕೈಯದು ನಾನೇ ಹೆಚ್ಚು ಉಂಡೀನಿ" ಎಂದು ಹೇಳಬೇಕು. ಅಷ್ಟಾದರೆ ಒಲೆ ಅವರ ಕೈಗೆ ಹತ್ತುತ್ತದೆ. ಇಷ್ಟು ಸಣ್ಣ ಮಾತು. ಇದನ್ನು ಹೇಳದೆ ತಪ್ಪಿಸಿಕೊಳ್ಳಲು ನಮ್ಮೂರಿನ ಗಂಡಸರು ಎಷ್ಟು ಬುದ್ಧಿ ಖರ್ಚು ಮಾಡಿದ್ದಾರೆ ಅಂದರೆ, ಅದನ್ನೇ ಬೇರೆ ಕಡೆ ಹಾಕಿದ್ದರೆ ಊರಿಗೆ ಇಷ್ಟು ಹೊತ್ತಿಗೆ ರೈಲು ಬರುತ್ತಿತ್ತು.

ಅವರು ಕಂಡುಕೊಂಡ ಉಪಾಯ ಮದುವೆ. ಹೊಸ ಸೊಸೆ ತವರಿನಿಂದ ತನ್ನದೇ ಇಕ್ಕಳ ತರುತ್ತಾಳೆ, ಅವಳ ಕೈಗೆ ಒಲೆ ಹತ್ತುತ್ತದೆ, ಯಾರೂ ಯಾರಿಗೂ ಏನೂ ಹೇಳಬೇಕಾಗಿಲ್ಲ. ಅದಕ್ಕೇ ನಮ್ಮೂರಲ್ಲಿ ಮಗನ ಮದುವೆಯ ಮುಹೂರ್ತ ಇಡುವುದು ಪಂಚಾಂಗವಲ್ಲ, ಅವನ ತಾಯಿಯ ಒಲೆ. ನಾನು ಈ ಮನೆಗೆ ಬಂದದ್ದೂ ಹಾಗೆಯೇ. ನನ್ನನ್ನು ನೋಡಲು ಬಂದವರು ನನ್ನ ಮುಖ ನೋಡಿದರೋ ಇಲ್ಲವೋ, ಪಡಸಾಲೆಗೆ ಒಲೆ ತರಿಸಿ, ಕಡ್ಡಿ ಗೀರಿಸಿ, ಉರಿ ಎದ್ದದ್ದನ್ನು ಮಾತ್ರ ಬಗ್ಗಿ ನೋಡಿದರು. ಆಗ ನನಗೆ ಹತ್ತೊಂಬತ್ತು.

ಒಲೆ ಹೋಗುವ ಮುಂಚಿನ ಮೂರ್ನಾಲ್ಕು ವರ್ಷಗಳನ್ನು ನೆನೆಸಿದರೆ ಈಗಲೂ ಸಿಟ್ಟು ಬರುತ್ತದೆ. ಮೊದಮೊದಲು ಮುಟ್ಟು ಎರಡು ಮೂರು ತಿಂಗಳು ಪತ್ತೆ ಇರುತ್ತಿರಲಿಲ್ಲ; ಬಂದರೆ ರಜೆಗೆ ಬಂದ ನೆಂಟರ ಹಾಗೆ, ಹೊರಡುವ ಮಾತೇ ಇಲ್ಲ. ಕೂತಲ್ಲಿ ಕುತ್ತಿಗೆಯಿಂದ ಕಾವು ಏರಿ ಕಿವಿ ಸುಡುತ್ತಿತ್ತು, ರವಿಕೆ ತೊಯ್ದು ಬೆನ್ನಿಗೆ ಅಂಟುತ್ತಿತ್ತು, ಮರುಗಳಿಗೆಗೆ ಚಳಿ. ಫ್ರಿಜ್ಜಿನ ಬಾಗಿಲು ತೆರೆದು ಯಾಕೆ ತೆರೆದೆ ಎಂದು ಮರೆತು, ಬಂದದ್ದಂತೂ ಬಂದೆ ಎಂದು ತಂಪಿಗೆ ಹಾಗೆಯೇ ನಿಲ್ಲುತ್ತಿದ್ದೆ. ಅತ್ತೆ ಕಾಮಕಸ್ತೂರಿ ಬೀಜ ನೆನೆಸಿ ಕುಡಿ ಎಂದರು. ಲೇಡಿ ಡಾಕ್ಟರು ಕ್ಯಾಲ್ಸಿಯಂ ಗುಳಿಗೆ ಬರೆದು, ದಿನಾ ವಾಕಿಂಗ್ ಮಾಡಿ, ಟೆನ್ಶನ್ ಮಾಡಿಕೊಳ್ಳಬೇಡಿ ಎಂದರು. ಟೆನ್ಶನ್ನನ್ನು ಅಂಗಡಿಯಿಂದ ನಾನೇ ಚೀಲ ಹಿಡಿದು ಹೋಗಿ ತರುತ್ತಿದ್ದೇನೇನೋ ಎಂಬ ಹಾಗೆ! ನಮ್ಮವರಂತೂ ನಾನು ಫ್ಯಾನ್ ಹಾಕಿದ ಕೂಡಲೇ ಎದ್ದು ಹೋಗಿ ಆರಿಸುತ್ತಿದ್ದರು. ಅವರಿಗೆ ಶೀತವಾಗುತ್ತದಂತೆ.

ಹೀಗಾಗಿ ಒಲೆ ಹೋದ ಬೆಳಗ್ಗೆ ನನಗೆ ಅಳು ಬರಲಿಲ್ಲ. ಬಂದದ್ದು ಸಿಟ್ಟು. ಯಾಕೆಂದರೆ ಅತ್ತೆಯ ಬಾಯಿಂದ ಆ ಮಾತು ಬಿದ್ದದ್ದೇ ತಡ, ನಮ್ಮವರು ಪೈಪು ಬಿಟ್ಟು ಕೈ ಒರೆಸಿಕೊಂಡು, ನನ್ನ ಮುಖವನ್ನಲ್ಲ, ಮಗನ ಮುಖವನ್ನು ನೋಡಿದರು.

"ಚಂದ್ರೂಗ ಹುಡುಗಿ ನೋಡೂಣು," ಎಂದರು. "ವಯಸ್ಸ ಆತಲ್ಲ."

ಚಂದ್ರು ಬಸ್‌ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸ್ ಬ್ಯಾನರ್ ಮಾಡುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಊರಿನವರ ಹುಟ್ಟುಹಬ್ಬಕ್ಕೆಲ್ಲ ಆನೆಯಷ್ಟು ದೊಡ್ಡ ಮುಖ ಮುದ್ರಿಸಿ ಕೊಡುವವನು. ಹಿಂದಿನ ದಿನದವರೆಗೂ "ಇನ್ನೂ ಕೂಸು ಅವ, ಏನ್ ತಿಳೀತೈತಿ" ಎನ್ನಿಸಿಕೊಳ್ಳುತ್ತಿದ್ದ. ಒಂದು ಕಡ್ಡಿ ಆರಿದ್ದೇ ಮದುವೆಯ ವಯಸ್ಸಿಗೆ ಬಂದುಬಿಟ್ಟ.

ಹೆಣ್ಣು ಸಿಗುವ ತನಕ ಹೊಟ್ಟೆಗೆ ಏನಾದರೂ ಬೇಕಲ್ಲ. ಬೆಳಗ್ಗೆ ಹೋಟೆಲಿನ ಉಪ್ಪಿಟ್ಟು, ಮಧ್ಯಾಹ್ನ ಹೋಟೆಲಿನ ಅನ್ನ, ಸಂಜೆ ಪಕ್ಕದ ಮನೆಯ ಇಮಾಂಬಿ ಕಳಿಸಿದ ಸಾರು. ಇಮಾಂಬಿಯ ಒಲೆ ಹೋಗಿ ಬಹಳ ದಿನವಾಗಿತ್ತು, ಸಾರು ಮಾಡುತ್ತಿದ್ದದ್ದು ಅವಳ ಗಂಡ ಖಾದರಸಾಬ. ನಮ್ಮವರು ಆ ಸಾರನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡು, "ಗಂಡಸ ಆಗಿ ಒಲಿ ಮುಂದ ಕುಂದ್ರೂದು ಛಂದ ಕಾಣ್ಸಂಗಿಲ್ಲ" ಎಂದು ಬೆರಳು ನೆಕ್ಕುತ್ತಿದ್ದರು.

ನನಗೆ ಮಾಡಲು ಕೆಲಸವಿರಲಿಲ್ಲ. ನಸುಕಿನಲ್ಲಿ ಎದ್ದು ಅಭ್ಯಾಸ, ಎದ್ದ ಮೇಲೆ ಏನು ಮಾಡಬೇಕೆಂದು ಕೈಗೆ ಗೊತ್ತಾಗುತ್ತಿರಲಿಲ್ಲ. ಅಡುಗೆಮನೆಗೆ ಹೋಗಿ, ಸುಮ್ಮನೆ ತಿರುಗಿ ಬರುತ್ತಿದ್ದೆ. ಹಾಗೆ ತಿರುಗುತ್ತಿದ್ದ ನನ್ನನ್ನು ನೋಡಲಾರದೆ ಇಮಾಂಬಿ ಒಂದು ಮುಂಜಾನೆ ಕೈ ಹಿಡಿದು ಎಳೆದುಕೊಂಡು ಕೆರೆ ಏರಿಯ ಕಟ್ಟೆಗೆ ಹೋದಳು. ಒಲೆ ಹೋದ ಹೆಂಗಸರೆಲ್ಲ ಆ ಹೊತ್ತಿಗೆ ಅಲ್ಲಿ ಸೇರುತ್ತಾರೆ ಎಂದು ಗೊತ್ತಿತ್ತು. ನಾವು ಸಣ್ಣವರಿದ್ದಾಗ ಅವರನ್ನು ಮಾಡಲು ಬದುಕಿಲ್ಲದವರು ಎಂದು ಆಡಿಕೊಳ್ಳುತ್ತಿದ್ದೆವು. ಅಲ್ಲಿ ಹೋಗಿ ಕೂತ ಮೇಲೆ ಗೊತ್ತಾಯಿತು: ಗಾಳಿ. ನೀರಿನ ಮೇಲಿಂದ ಬರುವ ಗಾಳಿ ಬೆವೆತ ಕುತ್ತಿಗೆಗೆ ತಾಗಿದಾಗ ನನ್ನ ಬಾಯಿಂದ 'ಅಯ್ಯಪ್ಪಾ' ಎಂದು ತಾನಾಗಿಯೇ ಬಂತು. ಕಟ್ಟೆಯ ತುಂಬ ಹೆಂಗಸರು ಕಾಲು ಇಳಿಬಿಟ್ಟು, ಸೆರಗು ಬಿಚ್ಚಿ ಗಾಳಿ ಹಾಕಿಕೊಳ್ಳುತ್ತ, ಯಾರಿಗೆ ಎಲ್ಲೆಲ್ಲಿ ಬೆವರುತ್ತದೆ ಎಂದು ನಾಚಿಕೆಯಿಲ್ಲದೆ ಹೇಳಿಕೊಂಡು ನಗುತ್ತಿದ್ದರು. ನನಗೆ ಹುಚ್ಚು ಹಿಡಿದಿಲ್ಲ ಎಂದು ಖಾತ್ರಿಯಾದದ್ದು ಅಲ್ಲಿಯೇ. ಆ ಡಾಕ್ಟರ ಗುಳಿಗೆಗಿಂತ ಆ ನಗೆ ಹೆಚ್ಚು ಕೆಲಸ ಮಾಡಿತು.

"ನನ್ನ ಒಲಿ ಹೋದಾಗ ನಾ ಅತ್ತಿದ್ದೆ, ದಾಕ್ಷಾಯಣಿ," ಎಂದಳು ಇಮಾಂಬಿ. "ಈಗ ಅನಸ್ತೈತಿ, ಯಾಕರ ಅತ್ತೆ ಅಂತ. ಸೂರ್ಯ ಹುಟ್ಟೂದು ನಾ ನೋಡಿದ್ದ ಇಲ್ಲ ನೋಡು. ಹುಟ್ಟೂ ಹೊತ್ನ್ಯಾಗ ನಾ ಹೊಗಿಯೊಳಗ ಇರ್ತಿದ್ದೆ."

"ಖಾದರಸಾಬ್ರು ಹೆಂಗ ಒಪ್ಪಿದ್ರು?"

"ಒಪ್ಪೂದು ಎಲ್ಲಿ ಬಂತು? ನಾ ಪಾನ್ ತಿಂದು ದಿನಾ ತಗದೀನಿ, ನಿನ್ನ ಅಡಿಗಿ ಎಲ್ಲಿ ಉಂಡೀನಿ ಅಂದ. ಆತು, ನಾಕ ದಿನ ಬರೇ ಪಾನ್ ತಿಂದ ಇರು ಅಂದೆ. ಮೂರನೇ ದಿನಾ ಬಂದು ಇಕ್ಕಳ ಇಸ್ಕೊಂಡ." ಅವಳು ನನ್ನ ಕಡೆ ತಿರುಗಿದಳು. "ನೀ ಯಾರಿಗೆ ಕೊಡಾಕಿ?"

"ಹೆಣ್ಣ ನೋಡಾಕತ್ತಾರ," ಎಂದೆ. ಹೇಳುವಾಗ ಯಾಕೋ ನಾಚಿಕೆಯಾಯಿತು. ಇಮಾಂಬಿ ನೀರಿನ ಕಡೆ ಮುಖ ತಿರುಗಿಸಿದಳು. ಅವಳು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹೆಣ್ಣು ಸಿಕ್ಕಿತು. ಕೋಟೆ ಓಣಿಯ ಸಾವಿತ್ರವ್ವನ ಮಗಳು ಪಲ್ಲವಿ, ಫೋಟೋ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿದ್ದಳು. ಚಂದ್ರು ಬ್ಯಾನರಿಗೆ ಬೇಕಾದ ಫೋಟೋ ತರಲು ಅಲ್ಲಿಗೆ ಹೋಗುತ್ತಿದ್ದ. ಹುಡುಗಿಯ ಹೆಸರು ಹೇಳಿದ ಕೂಡಲೇ ಅವನ ಕಿವಿ ಕೆಂಪಾದದ್ದು ನೋಡಿದೆ. ಈ ಕಾಲದಲ್ಲಿ ಹೆಣ್ಣಿನವರೂ ಜಾಣರಾಗಿದ್ದಾರೆ. ಹುಡುಗನ ತಾಯಿಯ ಒಲೆ ಹೋಗಿದೆ ಎಂದು ತಿಳಿದರೆ, ಇವರು ಸೊಸೆಗಾಗಿ ಬಂದಿಲ್ಲ, ಅಡುಗೆಯವಳಿಗಾಗಿ ಬಂದಿದ್ದಾರೆ ಎಂದು ಮುಖ ತಿರುವುತ್ತಾರೆ. ಅದಕ್ಕೆ ನೋಡಲು ಹೋಗುವಾಗ ಹುಡುಗನ ತಾಯಿ ಅಂದೇ ತನ್ನ ಕೈಯಾರೆ ಮಾಡಿದ ಹೋಳಿಗೆಯನ್ನು ಬಿಸಿಯಾಗಿಯೇ ಒಯ್ಯಬೇಕು, ಅದೇ ರುಜುವಾತು. ನಮ್ಮವರು ಖಾದರಸಾಬನ ಕೈಕಾಲು ಹಿಡಿದು ಹೋಳಿಗೆ ಮಾಡಿಸಿಕೊಂಡು ಬಂದರು. ಡಬ್ಬಿಯನ್ನು ನನ್ನ ತೊಡೆಯ ಮೇಲೆ ಇಟ್ಟು, "ಕೇಳಿದ್ರ ನಾನ ಮಾಡೀನಿ ಅನ್ನು. ಹೆಚ್ಚಿಗಿ ಮಾತಾಡಬ್ಯಾಡ" ಎಂದರು. ಟಂಟಂ ಗಾಡಿಯಲ್ಲಿ ಆ ಬಿಸಿ ಡಬ್ಬಿಯೂ ನನ್ನ ಮೈಯ ಕಾವೂ ಸೇರಿ, ಇಳಿಯುವ ಹೊತ್ತಿಗೆ ನನ್ನ ಸೀರೆ ಒದ್ದೆಯಾಗಿತ್ತು.

ಸಾವಿತ್ರವ್ವ ಹೋಳಿಗೆ ಮುರಿದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. "ಅಯ್ಯ, ಎಷ್ಟ ಮೆತ್ತಗ ಆಗ್ಯಾವರಿ! ನೀವ ಮಾಡಿದ್ರೇನ್ರಿ?"

"ಹೌದ್ರಿ, ಮುಂಜಾನಿಂದ ಅದ ಕೆಲಸ ಅಕಿದು," ಎಂದರು ನಮ್ಮವರು.

ನನ್ನ ಹೋಳಿಗೆಯನ್ನು ಈ ಮನುಷ್ಯ ಎಂದೂ ಹೊಗಳಿದವರಲ್ಲ. ಖಾದರಸಾಬನ ಹೋಳಿಗೆಗೆ ನನ್ನ ಹೆಸರಿನಲ್ಲಿ ಎದೆ ಉಬ್ಬಿಸಿ ಕೂತಿದ್ದರು. ಅಷ್ಟರಲ್ಲಿ ಪಡಸಾಲೆಗೆ ಒಲೆ ತಂದರು. ಪಲ್ಲವಿ ಬಂದು ಅದರ ಮುಂದೆ ಕೂತಳು. ಕಡ್ಡಿ ಗೀರಬೇಕು, ಚಹಾ ಕಾಯಿಸಬೇಕು. ಎಲ್ಲರೂ ಮುಂದಕ್ಕೆ ಬಗ್ಗಿದರು. ನಮ್ಮವರು, ನಮ್ಮತ್ತೆ, ಅವಳ ಅಪ್ಪ. ಯಾರೂ ಅವಳ ಮುಖ ನೋಡುತ್ತಿರಲಿಲ್ಲ. ಅವಳ ಮೊದಲ ಕಡ್ಡಿ ಮುರಿಯಿತು, ಅವಳು ಗಾಬರಿಯಾಗಿ ತಾಯಿಯನ್ನು ನೋಡಿದಳು. ಆ ನೋಟ ನನಗೆ ಗೊತ್ತಿತ್ತು. ನಾನೂ ನಮ್ಮವ್ವನನ್ನು ಹಾಗೆಯೇ ನೋಡಿದ್ದೆ. ಅದೇ ಗಳಿಗೆಗೆ ಹೊಟ್ಟೆಯ ಬುಡದಿಂದ ಕಾವು ಏರಿ, ಎದೆ, ಕುತ್ತಿಗೆ, ಕೆನ್ನೆ ಎಲ್ಲ ಸುಟ್ಟುಕೊಂಡು ನೆತ್ತಿಗೆ ಬಂತು. ಹೋಳಿಗೆಯ ಡಬ್ಬಿಯ ಮುಚ್ಚಳ ತೆಗೆದುಕೊಂಡು ಗಾಳಿ ಹಾಕಿಕೊಂಡೆ. ಸಾಲಲಿಲ್ಲ.

"ಕಡ್ಡಿ ಕೆಳಗ ಇಡು, ತಂಗಿ," ಎಂದೆ. "ಸಾವಿತ್ರವ್ವಾರ, ಈ ಹೋಳಗಿ ನಾ ಮಾಡಿದ್ದಲ್ರಿ. ನಮ್ಮ ಬಾಜೂಮನಿ ಖಾದರಸಾಬ್ರು ಮಾಡಿದ್ದು. ನನ್ನ ಒಲಿ ಹೋಗೇತಿ. ನಾವು ಹೆಣ್ಣ ನೋಡಾಕ ಬಂದಿಲ್ಲ, ಕಡ್ಡಿ ಗೀರೋರನ್ನ ಹುಡಕ್ಕೋಂತ ಬಂದೀವಿ."

ನಮ್ಮವರು ಕೆಮ್ಮಿ, ನಗಲು ಪ್ರಯತ್ನಿಸಿ, "ಅಕಿಗೆ ಮೈಯಾಗ ಆರಾಮಿಲ್ರಿ. ವಯಸ್ಸಿನ ಸಲುವಾಗಿ ಏನರ ಒಂದು ಮಾತಾಡ್ತಿರ್ತಾಳ" ಎಂದರು.

"ವಯಸ್ಸಿನ ಸಲುವಾಗೇ ಖರೇ ಮಾತಾಡಾಕತ್ತೀನಿ," ಎಂದೆ. "ಸಣ್ಣಾಕಿ ಇದ್ದಾಗ ಧೈರ್ಯ ಇರಲಿಲ್ಲ."

ಸಾವಿತ್ರವ್ವ ತಿನ್ನುತ್ತಿದ್ದ ಹೋಳಿಗೆಯನ್ನು ಉಗುಳಬೇಕೋ ನುಂಗಬೇಕೋ ತಿಳಿಯದೆ ಕೂತಿದ್ದಳು. ಪಲ್ಲವಿ ಬೆಂಕಿಪೆಟ್ಟಿಗೆಯನ್ನು ಪಕ್ಕಕ್ಕೆ ಇಟ್ಟು, ಮೊದಲ ಬಾರಿಗೆ ನೇರವಾಗಿ ಚಂದ್ರುವಿನ ಕಡೆ ತಿರುಗಿದಳು. "ನಿಮಗ ಏನ್ ಬೇಕಾಗೇತ್ರಿ? ಹೆಂಡ್ತಿನೋ, ಒಲೀನೋ?"

ನನ್ನ ಮಗ ತಲೆ ಕೆರೆದುಕೊಂಡ. "ಖರೇ ಹೇಳ್ಬೇಕಂದ್ರ ಈಗ ನನಗ ಹಸಿವಿ ಭಾಳ ಆಗೇತ್ರಿ," ಎಂದ. "ಹೊಟ್ಟಿ ತುಂಬಿದಾಗ ಕೇಳಿದ್ರ ಬ್ಯಾರೆ ಹೇಳ್ತೀನಿ."

ಹುಡುಗಿಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡು, "ಹಂಗಾರ ನಿಮ್ಮ ಮನಿ ಒಲಿ ಹತ್ತಿದ ಮ್ಯಾಲೆ ಬರ್ರಿ" ಎಂದು ಎದ್ದು ಒಳಗೆ ಹೋದಳು.

ಮನೆಗೆ ಬಂದು ಚಪ್ಪಲಿ ಬಿಟ್ಟವರೇ ನಮ್ಮವರು ಶುರು ಮಾಡಿದರು. ಮಾನ ಹೋಯಿತು, ಓಣಿಯಲ್ಲಿ ತಲೆ ಎತ್ತುವ ಹಾಗಿಲ್ಲ, ಇನ್ನು ಯಾರು ಹೆಣ್ಣು ಕೊಡುತ್ತಾರೆ. ನಾನು ಇಕ್ಕಳ ತಂದು ಹೊಸ್ತಿಲ ಮೇಲೆ ಇಟ್ಟೆ. "ಹೆಣ್ಣು ಬ್ಯಾಡ. ರೂಢಿ ಐತಿ, ರೂಢಿ ಪ್ರಕಾರ ಆಗ್ಲಿ. ನನ್ನ ಕೈದ ಯಾರು ಹೆಚ್ಚು ಉಂಡಾರ, ಬಂದು ಇಸ್ಕೋರಿ."

ಆಗ ನೋಡಬೇಕಿತ್ತು ಮನೆಯವರ ಉಪವಾಸದ ಕತೆಗಳನ್ನು! "ನಾ ಏನ್ ಮಹಾ ಉಂಡೀನಿ?" ಎಂದರು ನಮ್ಮವರು. "ಡ್ಯೂಟಿ ಮ್ಯಾಲಿದ್ದಾಗ ಚಾ ಕುಡದ ಇರ್ತೀನಿ. ಶ್ರಾವಣ ಸ್ವಾಮಾರ ಉಪಾಸ. ಗ್ಯಾಸ್ ಟ್ರಬಲ್ ಬ್ಯಾರೆ." ಚಂದ್ರು ತನ್ನ ವಯಸ್ಸೇ ಇಪ್ಪತ್ನಾಲ್ಕು, ಅದರಲ್ಲಿ ಮೊದಲ ಎರಡು ವರ್ಷ ಹಾಲಿನಲ್ಲೇ ಹೋಯಿತು ಎಂದ. ಅತ್ತೆ ಹಲ್ಲಿಲ್ಲದ ಬಾಯಿ ತೆರೆದು ತೋರಿಸಿದರು. ಕೇಳುತ್ತ ಕೇಳುತ್ತ ನನ್ನ ತಲೆ ಕೆಟ್ಟಿತು. ನಾನು ದಿನಾ ಒಂದು ಬುಟ್ಟಿ ರೊಟ್ಟಿ ಬಡಿದಿದ್ದೆ. ಮದುವೆಯ ಮರುದಿನ ಬಡಿದಿದ್ದೆ, ಜ್ವರದಲ್ಲಿ ಬಡಿದಿದ್ದೆ, ಬಸುರಿಯಾಗಿ ಬಡಿದಿದ್ದೆ, ನಮ್ಮವ್ವ ಸತ್ತ ಸುದ್ದಿ ಬಂದಾಗ ಹೆಂಚಿನ ಮೇಲಿದ್ದ ರೊಟ್ಟಿ ತಿರುವಿ ಹಾಕಿ ಎದ್ದಿದ್ದೆ. ಅವನ್ನೆಲ್ಲ ಯಾರು ತಿಂದರು? ಈ ಮನೆಯಲ್ಲಿ ಉಂಡವರೇ ಇಲ್ಲವಂತೆ!

"ಹಂಗಾರ ಬೀದಿನಾಯಿ ಉಂಡಿರ್ಬೇಕು," ಎಂದೆ. "ಅದನ್ನ ಕರ್ಕೊಂಡ ಬರ್ರಿ, ಅದಕ್ಕ ಕೊಡ್ತೀನಿ." ಹಾಗೆಂದು ಹೊರಗೆ ಹೋಗಿ ಮನೆ ಮುಂದಿನ ಕಟ್ಟೆಯ ಮೇಲೆ ಕೂತೆ.

ನಮ್ಮವರು ಬಿಡುವ ಪೈಕಿ ಅಲ್ಲ. ಚಂದ್ರುವನ್ನು ಹೊಸ್ತಿಲಲ್ಲಿ ನಿಲ್ಲಿಸಿ, ನನ್ನ ಕೈಯಿಂದ ಇಕ್ಕಳ ಕೊಡಿಸಿ, ಮಾತು ಹೇಳಿಸಿದರು. ಕಡ್ಡಿ ಆರಿತು. "ಒಲೀನ ಸರಿ ಇಲ್ಲ" ಎಂದು ಹೊಸ ಕರೆಂಟ್ ಒಲೆ ತಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅದರ ಕೆಂಪು ದೀಪ ಹತ್ತಿತು, ಹಾಲಿನ ಪಾತ್ರೆ ಮಾತ್ರ ತಣ್ಣಗೇ ಕೂತಿತ್ತು. ಅದನ್ನು ಅಂಗಡಿಗೆ ತಿರುಗಿ ಒಯ್ದರೆ ಅಂಗಡಿಯವನು, "ನಿಮ್ಮ ಮನ್ಯಾಗ ಇಕ್ಕಳ ದಾಟೇತೇನ್ರಿ ಮೊದಲ?" ಎಂದು ಕೇಳಿ ಕಳಿಸಿದನಂತೆ. ಇತ್ತ ಹೋಟೆಲಿನ ಸೋಡಾ ಹಾಕಿದ ಉಪ್ಪಿಟ್ಟಿಗೆ ಅವರ ಹೊಟ್ಟೆ ಕೆಟ್ಟಿತು. ಹಿತ್ತಲಿಗೂ ಪಡಸಾಲೆಗೂ ಓಡಾಡುತ್ತ ಊರಿಗೆ ನೀರು ಬಿಡುವುದು ತಡವಾಯಿತು. ಕೊಡ ಹಿಡಿದು ಕಾದ ಹೆಂಗಸರು ಯಾಕೆ ತಡ ಎಂದು ತಿಳಿದು, ನಲ್ಲಿಯ ಮುಂದೆ ನಿಂತೇ ನಕ್ಕರು. ನನಗೆ ಪಾಪ ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಪಾಪ ಅನ್ನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟೂ ಬಂತು. ಎದ್ದು ಹೋಗಿ ಒಂದು ಗಂಜಿ ಕಾಯಿಸೋಣ ಎಂದು ಕೈ ತುರಿಸುತ್ತಿತ್ತು. ಹತ್ತುವುದಿಲ್ಲ ಎಂಬುದೇ ನನ್ನನ್ನು ಕಾಪಾಡಿತು. ಒಲೆ ಹತ್ತುವ ಹಾಗಿದ್ದಿದ್ದರೆ ನಾನು ಆ ಹೊತ್ತಿಗೇ ಸೋತು ಹೋಗಿರುತ್ತಿದ್ದೆ. ಐವತ್ತರ ಮೈ ನನಗೆ ಮಾಡಿದ ಉಪಕಾರ ಅದು: ನಾನು ಹೇಳಲಾರದ 'ಇಲ್ಲ'ವನ್ನು ಅದು ಹೇಳಿತು.

ಕೊನೆಗೆ ಒಂದು ಮಧ್ಯಾಹ್ನ ಅವರು ತಾಯಿಯ ಹೊರಸಿನ ಹತ್ತಿರ ಹೋಗಿ ಕೂತರು. ನಾನು ಬಾಗಿಲಾಚೆ ಅಕ್ಕಿ ಆರಿಸುತ್ತಿದ್ದೆ, ಬೇಯಿಸುವವರು ಯಾರೂ ಇಲ್ಲದಿದ್ದರೂ. "ಅವ್ವಾ, ನೀನರ ಹೇಳು ಅಕಿಗೆ," ಎಂದರು. "ಇನ್ನೊಂದ ಹೆಣ್ಣ ನೋಡಾಕ ಬಾ ಅನ್ನು."

ಅತ್ತೆ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿದರು. ನನ್ನ ಪರವಾಗಿ ಮಾತಾಡುವ ಹೆಂಗಸಲ್ಲ ಅವರು. ನಾನು ಮಾಡಿದ ಪಲ್ಯಕ್ಕೆ ಉಪ್ಪು ಕಡಿಮೆ ಎಂದು ಅಂದಷ್ಟು ಸಲ ದೇವರ ಹೆಸರನ್ನೂ ಅಂದವರಲ್ಲ. ಆದರೆ ಅವತ್ತು ಅವರು ಹೇಳಿದ್ದು ಬೇರೆ.

"ನನ್ನ ಒಲಿ ಹೋದಾಗ ನಾ ನಿಮ್ಮಪ್ಪನ ಮುಂದ ಇಕ್ಕಳ ಹಿಡ್ಕೊಂಡ ನಿಂತಿದ್ದೆ," ಎಂದರು. "ಆ ಮನುಷ್ಯ ನನ್ನ ದಾಟಿ ಹೋಗಿ ಪಂಚಾಂಗ ತಗದ, ನಿನ್ನ ಮದುವಿ ಮಾಡಾಕ. ಒಂದ ಮಾತು, ಗುರುಬಸ್ಯಾ. ಅಡಿಗಿ ಮಾಡಬ್ಯಾಡ, ರೊಟ್ಟಿ ಬಡೀಬ್ಯಾಡ, ಬರೇ ಆ ಒಂದ ಮಾತು ಅಂದಿದ್ರ ಸಾಕಿತ್ತ ನನಗ. ಸಾಯೂ ಮುಂದ ತೊಡಿ ಮ್ಯಾಲೆ ತಲಿ ಇಟ್ಟು ನೀರ ಬೇಡಿದ. ಆಗರ ಅಂತಾನೇನೋ ಅಂತ ಬಾಯಿ ನೋಡ್ಕೋಂತ ಕುಂತಿದ್ದೆ. ಅನಲಿಲ್ಲ." ಅವರು ಕುಟ್ಟಣಿಯನ್ನು ನೆಲಕ್ಕೆ ಕುಕ್ಕಿದರು. "ನನ್ನ ಸೊಸಿಗೆ ಮಾತ ಹೇಳಾಕ ನನಗ ಹೇಳ್ತೀಯಲ್ಲ. ಅಕಿ ಕೈದ ನೀನ ಹೆಚ್ಚು ಉಂಡಿ. ನಾ ಕಣ್ಣಾರೆ ನೋಡೀನಿ. ಎದ್ದ ಹೋಗಿ ಹೇಳು."

ಅವರು ಎದ್ದು ಬಂದರು. ಬಾಗಿಲಲ್ಲಿ ನನ್ನನ್ನು ಕಂಡು ನಿಂತರು. ನಾನು ಮೊರ ಬದಿಗಿಟ್ಟು, ಇಕ್ಕಳ ತೆಗೆದುಕೊಂಡು ಅಡುಗೆಮನೆಯ ಹೊಸ್ತಿಲಿಗೆ ಹೋದೆ. ಅವರು ಜಂತಿ ನೋಡಿದರು, ಗೋಡೆ ನೋಡಿದರು, ಗಂಟಲು ಸರಿ ಮಾಡಿಕೊಂಡರು.

"ನಾನೂ ಉಂಡೀನಿ," ಎಂದರು.

ನಾನು ಇಕ್ಕಳ ಕೊಡಲಿಲ್ಲ.

"ಎಲ್ಲಾರೂ ಉಂಡಾರ, ನಾನೂ ಅವರ ಬರೋಬ್ಬರಿ..."

"ರೀ."

ಅವರ ಮುಖ ಕೆಂಪಾಯಿತು, ಹಣೆಯಲ್ಲಿ ಬೆವರು ಬಂತು. ನನಗೆ ದಿನಕ್ಕೆ ಹತ್ತು ಸಲ ಆಗುವುದು ಹೀಗೇ ಎಂದು ಹೇಳಬೇಕೆನ್ನಿಸಿತು, ಹೇಳಲಿಲ್ಲ. "ನಿನ್ನ ಕೈದ ನಾನ ಹೆಚ್ಚು ಉಂಡೀನಿ," ಎಂದರು ಕೊನೆಗೆ, ನೆಲ ನೋಡುತ್ತ. ಅಷ್ಟೇ ಸಾಕಿತ್ತು. ಇಕ್ಕಳ ಚಾಚಿದೆ. ಅದರ ಒಂದು ತುದಿ ಹಿಡಿದುಕೊಂಡು ಯಾರೂ ಕೇಳದೆ ಇನ್ನೊಂದು ಮಾತು ಸೇರಿಸಿದರು. "ಮೊದಲನೇ ದಿನಾ ಪುಂಡಿಪಲ್ಯೆ ಮಾಡಿದ್ದಿ. ಖಾರ ಭಾಳ ಆಗಿತ್ತು. ನಿನ್ನ ಕೈ ನಡಗಾಕತ್ತಿತ್ತು, ಅದಕ್ಕ ಅನಲಿಲ್ಲ."

ನನಗೆ ಅಳು ಬಂತು. ಬಿಕ್ಕಿ ಬಿಕ್ಕಿ, ಇಕ್ಕಳ ಬಿಡದೆ ಅತ್ತುಬಿಟ್ಟೆ. ನೆನಪಿತ್ತಲ್ಲ ಈ ಮನುಷ್ಯನಿಗೆ! ನೆನಪಿಟ್ಟುಕೊಂಡು ಇಷ್ಟು ವರ್ಷ ಬಾಯಿ ಹೊಲಿದುಕೊಂಡಿದ್ದರಲ್ಲ ಎಂದು ಸಿಟ್ಟು. ಹೇಳಿದರಲ್ಲ ಎಂದು ಸಂತೋಷ. ಎರಡೂ ಒಟ್ಟಿಗೆ ಬಂದವು, ಯಾವುದಕ್ಕೆ ಅತ್ತೆನೋ ನನಗೇ ತಿಳಿಯಲಿಲ್ಲ. ಅವರಿಗಂತೂ ಏನು ಮಾಡಬೇಕೋ ತಿಳಿಯದೆ, ನನ್ನ ಕೈಯಿಂದ ಇಕ್ಕಳ ಮೆಲ್ಲಗೆ ಬಿಡಿಸಿಕೊಂಡು ಒಳಗೆ ಹೋಗಿ ಕಡ್ಡಿ ಗೀರಿದರು. ಒಲೆ ಬುಸ್ಸೆಂದು ಹತ್ತಿತು. ಹೆದರಿ ಹಿಂದಕ್ಕೆ ಹಾರಿದ್ದು ನನಗೆ ಕಂಡಿತು.

ಆಮೇಲೆ ಒಳಗೆ ನಡೆದದ್ದನ್ನು ನಾನು ನೋಡಲು ಹೋಗಲಿಲ್ಲ. ಪಡಸಾಲೆಯಲ್ಲಿ ಫ್ಯಾನಿನ ಕೆಳಗೆ ಕಾಲು ಚಾಚಿ ಕೂತೆ. ಡಬ್ಬಿಗಳು ಬಿದ್ದ ಸದ್ದು ಬಂತು. ಜೋಳದ ಹಿಟ್ಟು ಯಾವುದು, ಕಡಲೆ ಹಿಟ್ಟು ಯಾವುದು ಎಂದು ಪ್ರಶ್ನೆ ಬಂತು. ನಾನು ಬಾಯಿ ಬಿಡಲಿಲ್ಲ, ಅತ್ತೆಗೆ ತಡೆಯಲಾಗಲಿಲ್ಲ, "ಕುದಿಯೂ ನೀರಾಗ ನಾದೋ, ಮುಠ್ಠಾಳ!" ಎಂದು ಹೊರಸಿನಿಂದಲೇ ಕೂಗಿದರು. ಚಂದ್ರು ಅಪ್ಪನ ಹಿಂದೆ ನಿಂತು ಉರಿಯುವ ಒಲೆಯ ಫೋಟೋ ತೆಗೆದು ಯಾರಿಗೋ ಕಳಿಸಿದ. ಯಾರಿಗೆ ಎಂದು ನಾನು ಕೇಳಲಿಲ್ಲ. ಬಡಿಯುವ ಸದ್ದು ಶುರುವಾಯಿತು, ನಿಂತಿತು, ಮತ್ತೆ ಶುರುವಾಯಿತು. ಸುಟ್ಟ ವಾಸನೆ ಬಂತು. ಅದರ ಹಿಂದೆಯೇ ಅವರು ಒಂದು ತಾಟು ಹಿಡಿದು ಬಂದು ನನ್ನ ಮುಂದೆ ಇಟ್ಟು, ಮುಖ ನೋಡದೆ ಒಳಗೆ ಓಡಿದರು. ಒಂದು ರೊಟ್ಟಿ. ಒಂದು ಕಡೆ ಹರಿದಿತ್ತು, ಒಂದು ಕಡೆ ಕರಿಯಾಗಿತ್ತು, ನಡುವೆ ಉಬ್ಬಿ ಹೊಗೆಯಾಡುತ್ತಿತ್ತು. ಪಕ್ಕದಲ್ಲಿ ಶೇಂಗಾ ಚಟ್ನಿ, ಅದರ ಮೇಲೆ ಎಣ್ಣೆ.

ನನ್ನ ಕೈ ತಾನಾಗಿಯೇ ತಾಟನ್ನು ಅತ್ತೆಯ ಕಡೆ ಸರಿಸಿತು. ಎಷ್ಟು ವರ್ಷದ ಅಭ್ಯಾಸ! ಅತ್ತೆ ಅದನ್ನು ತಿರುಗಿ ನನ್ನ ಕಡೆಗೇ ನೂಕಿದರು.

"ತಿನ್ನು ನೀ. ಆರಿ ಹೋಗತೈತಿ," ಎಂದರು. "ನಾ ಎರಡನೇದು ತಿಂತೀನಿ."

ಮುರಿದೆ. ಹಬೆ ಬೆರಳಿಗೆ ಬಡಿದು ಸುಟ್ಟಿತು. ಬಾಯಿಗಿಟ್ಟೆ. ಎಲ್ಲರ ಊಟ ಮುಗಿದ ಮೇಲೆ ಬುಟ್ಟಿಯ ತಳದ ರೊಟ್ಟಿ ತಿಂದು ತಿಂದು, ರೊಟ್ಟಿ ಎಂದರೆ ಜಗಿಯುವ ವಸ್ತು ಎಂದು ತಿಳಿದಿದ್ದೆ. ಹೆಂಚಿನಿಂದ ಇಳಿದದ್ದು ಇಷ್ಟು ಮೆತ್ತಗಿರುತ್ತದೆ, ನಾಲಿಗೆಗೆ ಸಿಹಿ ಹತ್ತುತ್ತದೆ ಎಂದು, ಅಷ್ಟು ರೊಟ್ಟಿ ಬಡಿದ ನನಗೆ ಗೊತ್ತೇ ಇರಲಿಲ್ಲ.

ಮೈಗೆಲ್ಲ ಹಿಟ್ಟು ಮಾಡಿಕೊಂಡು ಅವರು ಬಾಗಿಲಿಗೆ ಬಂದು ನಿಂತರು. "ಹೆಂಗ ಆಗೇತಿ?" ಎಂದರು.

ನಾನು ತಾಟಿನಿಂದ ತಲೆ ಎತ್ತಲಿಲ್ಲ. ಬಾಯಿ ತುಂಬ ರೊಟ್ಟಿ ಇತ್ತು. "ಇನ್ನೊಂದ ಹಾಕ್ರಿ," ಎಂದೆ, "ಲಗೂ."